ಟೆಂಟ್ ಇಲ್ಲದೆ ಬಯಲಲ್ಲಿ ಮಲಗೋದು: ಹಗುರವಾದ ಹಾಸು, ಹೊದಿಕೆ ಆರಿಸುವ ಸಮಗ್ರ ಮಾರ್ಗದರ್ಶಿ

ಟೆಂಟ್ ಬಿಟ್ಟು ಬಯಲಲ್ಲಿ ಮಲಗಬೇಕು ಅಂದುಕೊಂಡವರು ಮೊದಲು ಕೇಳುವ ಪ್ರಶ್ನೆ, "ಯಾವ ಸ್ಲೀಪಿಂಗ್ ಬ್ಯಾಗ್ ತಗೊಳ್ಳಲಿ?" ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಎಲ್ಲಿ, ಯಾವ ತಿಂಗಳಲ್ಲಿ ಮಲಗುತ್ತೀರಿ ಅನ್ನೋದು ಮೊದಲನೆಯದು. ಮೈ ಕೆಳಗೆ ಏನು ಹಾಸುತ್ತೀರಿ ಅನ್ನೋದು ಎರಡನೆಯದು. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಹೊದಿಕೆಗೆ ಹಾಕುವ ದುಡ್ಡು, ಬೆನ್ನ ಮೇಲಿನ ಭಾರ ಎರಡೂ ತಾನಾಗಿ ಇಳಿಯುತ್ತವೆ.

ಇದು ಹೊಸ ವಿಷಯವೇನಲ್ಲ. ನಮ್ಮ ಬಯಲುಸೀಮೆಯ ಕುರಿಗಾಹಿಗಳು ತಲೆಮಾರುಗಳಿಂದ ಒಂದು ಕಂಬಳಿ ನಂಬಿಕೊಂಡು ಹೊಲಗಳಲ್ಲಿ ರಾತ್ರಿ ಕಳೆದವರು. ಅತ್ತ ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಪಲಾಚಿಯನ್ ಟ್ರೇಲ್‌ನ 3,200 ಕಿಲೋಮೀಟರಿಗೂ ಹೆಚ್ಚು ದೂರ ಒಬ್ಬರೇ ನಡೆದರು. ಅವರ ಬಳಿ ಟೆಂಟೂ ಇರಲಿಲ್ಲ, ಸ್ಲೀಪಿಂಗ್ ಬ್ಯಾಗೂ ಇರಲಿಲ್ಲ. ಇದ್ದದ್ದು ಸೈನ್ಯದ ಒಂದು ಕಂಬಳಿ, ಬಚ್ಚಲುಮನೆಗೆ ಕಟ್ಟುವ ಪ್ಲಾಸ್ಟಿಕ್ ಪರದೆ, ಮನೆಯಲ್ಲೇ ಹೊಲಿದ ಒಂದು ಚೀಲ.

ಇಲ್ಲಿ ನಾನು ಹೇಳುತ್ತಿರುವುದು ಮುಖ್ಯವಾಗಿ ಕರ್ನಾಟಕದ ರಾತ್ರಿಗಳ ಬಗ್ಗೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳ ಬಗ್ಗೆ. ಮಳೆಗಾಲದಲ್ಲಿ ಟೆಂಟ್ ಇಲ್ಲದೆ ಮಲಗುವ ಯೋಚನೆ ಬೇಡ. ಮಲೆನಾಡಿನಲ್ಲಂತೂ ಮಳೆಯ ಜೊತೆ ಇಂಬಳಗಳೂ ಇರುತ್ತವೆ. ಹಿಮಾಲಯದ ಎತ್ತರದ ಜಾಗಗಳ ಲೆಕ್ಕವೇ ಬೇರೆ. ಅಲ್ಲಿ ಗಾಳಿ, ಹಿಮ ಎರಡೂ ಇರುವುದರಿಂದ ಅನುಭವಿಗಳ ಜೊತೆ ಟೆಂಟಿನಲ್ಲೇ ಮಲಗಿ.

ಹೆಜ್ಜೆ 1: ರಾತ್ರಿಯ ಲೆಕ್ಕ ಹಾಕಿ

ಮೊದಲು ಜಾಗ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ರಾತ್ರಿ ಉಳಿಯುವಂತಿಲ್ಲ. ಆನೆ, ಕರಡಿ ಓಡಾಡುವ ಕಡೆ ಅನುಮತಿ ಸಿಕ್ಕರೂ ಬಯಲಲ್ಲಿ ಮಲಗಬೇಡಿ. ಪರಿಚಯದವರ ಹೊಲ, ತೋಟ, ಹೋಂಸ್ಟೇ ಅಂಗಳ, ಬಾಡಿಗೆ ಕೊಟ್ಟು ಉಳಿಯುವ ಕ್ಯಾಂಪ್ ಸೈಟ್ ಇವೇ ಶುರು ಮಾಡಲು ಒಳ್ಳೆಯ ಜಾಗಗಳು. ಯಾರದೇ ಜಮೀನಾದರೂ ಕೇಳಿಕೊಂಡೇ ಮಲಗಿ.

ಆಮೇಲೆ ಚಳಿ. ಹವಾಮಾನ ಆ್ಯಪ್ ತೋರಿಸುವುದು ಹತ್ತಿರದ ಊರಿನ ಉಷ್ಣಾಂಶ. ನೀವು ಮಲಗುವ ಜಾಗ ಅದಕ್ಕಿಂತ ಎತ್ತರದಲ್ಲಿದ್ದರೆ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಕಳೆಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಬೆಂಗಳೂರಿನಲ್ಲಿ 15 ಡಿಗ್ರಿ ಇರುವ ರಾತ್ರಿ ಆ ಎತ್ತರದಲ್ಲಿ 8-9 ಡಿಗ್ರಿ ಅಂದುಕೊಂಡು ತಯಾರಾಗಬೇಕು. ಬಯಲುಸೀಮೆ ಅಂದರೆ ಬಿಸಿ ಅನ್ನುವ ನಂಬಿಕೆಯೂ ಬೇಡ. ಬೀದರ್ ಕಡೆ ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಬೆಂಗಳೂರಿನಲ್ಲೇ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿದೆ.

ಇನ್ನೊಂದು ವಿಷಯ ಜಾಸ್ತಿ ಜನ ನೋಡುವುದೇ ಇಲ್ಲ. ಅದು ಇಬ್ಬನಿ. ಟೆಂಟ್ ಇದ್ದಾಗ ಇಬ್ಬನಿ ಟೆಂಟಿನ ಬಟ್ಟೆಯ ಮೇಲೆ ಕೂರುತ್ತದೆ, ಇಲ್ಲದಾಗ ನಿಮ್ಮ ಹೊದಿಕೆಯ ಮೇಲೆ. ಮೋಡವಿಲ್ಲದ ರಾತ್ರಿ ನೆಲ, ಹುಲ್ಲು, ಬಟ್ಟೆ ಎಲ್ಲವೂ ತಮ್ಮ ಶಾಖವನ್ನು ಆಕಾಶದ ಕಡೆ ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಗಾಳಿಯಲ್ಲಿರುವ ತೇವ ಆ ತಣ್ಣನೆಯ ಮೈಮೇಲೆ ನೀರಾಗುತ್ತದೆ. ಆ್ಯಪ್‌ನಲ್ಲಿ 'ಡ್ಯೂ ಪಾಯಿಂಟ್' ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡಿ. ರಾತ್ರಿಯ ಕನಿಷ್ಠ ಉಷ್ಣಾಂಶಕ್ಕೂ ಅದಕ್ಕೂ ಮೂರು-ನಾಲ್ಕು ಡಿಗ್ರಿಗಿಂತ ಕಡಿಮೆ ಅಂತರ ಇದ್ದರೆ ಇಬ್ಬನಿ ಬೀಳುತ್ತದೆ ಅಂತಲೇ ಇಟ್ಟುಕೊಳ್ಳಿ. ಕೊಡಗು, ಚಿಕ್ಕಮಗಳೂರು ಕಡೆ ಡಿಸೆಂಬರ್-ಜನವರಿಯಲ್ಲಿ ಇದು ದಿನನಿತ್ಯದ ಮಾತು. ರಾಯಚೂರು, ಬಳ್ಳಾರಿ ಕಡೆ ಮಾರ್ಚ್ ತಿಂಗಳಲ್ಲಿ ಇಬ್ಬನಿಯ ಕಾಟ ಕಡಿಮೆ.

ಮಲಗುವ ಜಾಗದಿಂದಲೂ ಬಹಳ ವ್ಯತ್ಯಾಸ ಆಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ತಗ್ಗಿಗೆ ಇಳಿದು ನಿಲ್ಲುತ್ತದೆ. ಹಳ್ಳದ ತಳ, ಕೆರೆಯ ಅಂಚು ಬಿಟ್ಟು ಹತ್ತಿಪ್ಪತ್ತು ಅಡಿ ಮೇಲೆ ಹಾಸಿಗೆ ಹಾಕಿದರೆ ಚಳಿಯೂ ಕಡಿಮೆ, ತೇವವೂ ಕಡಿಮೆ. ಮರದ ಕೆಳಗೆ ಇಬ್ಬನಿ ಕಡಿಮೆ ಬೀಳುತ್ತದೆ. ಆದರೆ ಒಣಕೊಂಬೆ, ಚಗಳಿ ಗೂಡು, ಹೆಜ್ಜೇನು ಹುಟ್ಟು ಇದೆಯಾ ಅಂತ ಬೆಳಕಿರುವಾಗಲೇ ಮೇಲೆ ನೋಡಿ. ಹಳೇ ಮೈಸೂರು ಕಡೆಯ ಹೆಬ್ಬಂಡೆಗಳು ನನಗೆ ಬಹಳ ಇಷ್ಟ. ಹಗಲಿನ ಬಿಸಿಲನ್ನು ಹೀರಿಕೊಂಡ ಬಂಡೆ ರಾತ್ರಿಯ ಮೊದಲ ಭಾಗದಲ್ಲಿ ಬೆಚ್ಚಗಿರುತ್ತದೆ, ಹುಳಹುಪ್ಪಟೆಯೂ ಕಡಿಮೆ. ಬೆಳಗಿನ ಜಾವಕ್ಕೆ ಮಾತ್ರ ಅದೇ ಬಂಡೆ ಮೈಯ ಶಾಖ ಎಳೆಯಲು ಶುರು ಮಾಡುತ್ತದೆ. ಅದಕ್ಕೇ ಮುಂದಿನ ಹೆಜ್ಜೆ ಅಷ್ಟು ಮುಖ್ಯ.

ಹೆಜ್ಜೆ 2: ಮೈ ಕೆಳಗಿನದ್ದು

ಹೊದಿಕೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನೀವು ಅದರ ಮೇಲೆ ಮಲಗಿದ ತಕ್ಷಣ ಬೆನ್ನ ಕೆಳಗಿನ ಭಾಗ ಅಪ್ಪಚ್ಚಿಯಾಗಿ ಗಾಳಿ ಹೊರಗೆ ಹೋಗುತ್ತದೆ. ಅಲ್ಲಿ ಎಷ್ಟು ದುಬಾರಿ ಸ್ಲೀಪಿಂಗ್ ಬ್ಯಾಗ್ ಇದ್ದರೂ ಪ್ರಯೋಜನ ಕಡಿಮೆ. ನೆಲದ ಚಳಿಯನ್ನು ತಡೆಯುವುದು ಮ್ಯಾಟ್ ಮಾತ್ರ. ರಾತ್ರಿಯೆಲ್ಲಾ ನಡುಗಿದೆ ಅನ್ನುವವರನ್ನು ಕೇಳಿ ನೋಡಿ, ಎಷ್ಟೋ ಜನರ ಕೆಳಗೆ ಬರೀ ಒಂದು ಬೆಡ್‌ಶೀಟ್ ಇರುತ್ತದೆ.

ಮ್ಯಾಟ್ ಕೊಳ್ಳುವಾಗ 'ಆರ್-ವ್ಯಾಲ್ಯೂ' ನೋಡಿ. ನೆಲಕ್ಕೆ ಹೋಗುವ ಶಾಖವನ್ನು ಅದು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕಿ ಇದು. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಮಾನದಂಡ ಬಂದ ಮೇಲೆ ಬೇರೆಬೇರೆ ಕಂಪನಿಗಳ ಮ್ಯಾಟ್‌ಗಳನ್ನು ಹೋಲಿಸಿ ನೋಡಬಹುದು. ಕರ್ನಾಟಕದ ಚಳಿಗಾಲಕ್ಕೆ 1.5ರಿಂದ 2 ಸಾಕು. ಹಿಮದ ಮೇಲೆ ಮಲಗುವವರಿಗೆ 5 ಅಥವಾ ಅದಕ್ಕಿಂತ ಹೆಚ್ಚು ಬೇಕು. ಒಂದರ ಮೇಲೊಂದು ಎರಡು ಮ್ಯಾಟ್ ಹಾಸಿದರೆ ಎರಡರ ಅಂಕಿಗಳೂ ಕೂಡುತ್ತವೆ. ಹಾಗಾಗಿ ಇರುವುದನ್ನು ಬಿಸಾಡಿ ಹೊಸದು ಕೊಳ್ಳುವ ಅಗತ್ಯ ಇಲ್ಲ.

ಮ್ಯಾಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫೋಮ್ ಮ್ಯಾಟ್ ಅಗ್ಗ, ತೂತಾಗುವುದಿಲ್ಲ, ಕಲ್ಲು ಮುಳ್ಳಿನ ಮೇಲೆ ಧೈರ್ಯವಾಗಿ ಹಾಸಬಹುದು. ಮಡಚುವ ಬಗೆಯ ಒಳ್ಳೆಯ ಫೋಮ್ ಮ್ಯಾಟ್ ಸುಮಾರು 400 ಗ್ರಾಂ ತೂಗುತ್ತದೆ, ಆರ್-ವ್ಯಾಲ್ಯೂ 2ರ ಆಸುಪಾಸು ಇರುತ್ತದೆ. ಮೆತ್ತಗಿರುವುದಿಲ್ಲ, ಬ್ಯಾಗಿನ ಹೊರಗೆ ಕಟ್ಟಿಕೊಳ್ಳಬೇಕು, ಅಷ್ಟೇ ತೊಂದರೆ. ಗಾಳಿ ತುಂಬುವ ಮ್ಯಾಟ್ ಮಡಚಿದರೆ ನೀರಿನ ಬಾಟಲಿಯಷ್ಟು ಜಾಗ ಹಿಡಿಯುತ್ತದೆ, ಹಾಸಿದರೆ ಸುಖವಾಗಿರುತ್ತದೆ. ಆದರೆ ಜಾಲಿ ಮುಳ್ಳು ಒಂದು ಚುಚ್ಚಿದರೆ ಆ ರಾತ್ರಿ ನೆಲದ ಮೇಲೇ ಮಲಗಬೇಕು. ಜಾಲಿ, ಕಾರೆ, ಪಾಪಾಸುಕಳ್ಳಿ ತುಂಬಿರುವ ನಮ್ಮ ಬಯಲುಸೀಮೆಗೆ ನನ್ನ ಆಯ್ಕೆ ಯಾವಾಗಲೂ ಫೋಮ್. ಮಗ್ಗುಲಾಗಿ ಮಲಗುವವರಿಗೆ ಮಾತ್ರ ಸೊಂಟದ ಮೂಳೆ ಒತ್ತುವುದರಿಂದ ಗಾಳಿ ಮ್ಯಾಟೇ ಬೇಕಾಗಬಹುದು. ಅಂಥವರು ಪ್ಯಾಚ್ ಕಿಟ್ ಮರೆಯದೆ ಇಟ್ಟುಕೊಳ್ಳಿ.

ಮನೆಯಲ್ಲಿರುವ ಯೋಗ ಮ್ಯಾಟ್ ನಡೆಯುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಕಾರಿನ ಪಕ್ಕದಲ್ಲೇ ಮಲಗುವುದಾದರೆ ನಡೆಯುತ್ತದೆ. ಹೊತ್ತು ನಡೆಯಲು ಬೇಡ. ಅದು ಒತ್ತಾದ ರಬ್ಬರಿನಂಥ ವಸ್ತು. ತೂಕ ಜಾಸ್ತಿ, ಒಳಗೆ ಗಾಳಿ ಕಡಿಮೆ, ಹಾಗಾಗಿ ಚಳಿ ತಡೆಯುವುದೂ ಕಡಿಮೆ.

ತೂಕ ಇಳಿಸುವ ಒಂದು ಸುಲಭ ದಾರಿ ಇದೆ. ಫೋಮ್ ಮ್ಯಾಟನ್ನು ಭುಜದಿಂದ ಮೊಣಕಾಲಿನವರೆಗೆ, ಅಂದರೆ ಸುಮಾರು 120 ಸೆಂಟಿಮೀಟರಿಗೆ ಕತ್ತರಿಸಿ. ಕಾಲಿನ ಕೆಳಗೆ ಖಾಲಿ ಬ್ಯಾಗ್ ಹಾಸಿ. ತಲೆಗೆ ಬಟ್ಟೆಯ ಗಂಟು. ಮ್ಯಾಟಿನ ತೂಕದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಯಿತು.

ಮ್ಯಾಟಿನ ಕೆಳಗೆ ಒಂದು ನೆಲಹಾಸು ಬೇಕು. ನೆಲದ ತೇವ ಮೇಲೆ ಬರದಂತೆ ತಡೆಯುವುದು ಅದರ ಕೆಲಸ. ಹಾರ್ಡ್‌ವೇರ್ ಅಂಗಡಿಯ ತಾಡಪಾಲು ಸಾಕು, ಆದರೆ ಜಿಎಸ್‌ಎಂ ಕೇಳಿ ತಗೊಳ್ಳಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡು 70 ಜಿಎಸ್‌ಎಂನಲ್ಲಿ 140 ಗ್ರಾಂ ಆಗುತ್ತದೆ, 200 ಜಿಎಸ್‌ಎಂನಲ್ಲಿ 400 ಗ್ರಾಂ. ಲಾರಿಗೆ ಹೊದಿಸುವ ದಪ್ಪದ್ದು ನಿಮಗೆ ಬೇಕಿಲ್ಲ. ಇನ್ನೊಂದು ಮಾತು. ನೆಲಹಾಸು ನೀವು ಮಲಗುವ ಜಾಗಕ್ಕಿಂತ ತೀರಾ ಅಗಲ ಇದ್ದರೆ ಹೊರಗೆ ಚಾಚಿದ ಅಂಚಿನ ಮೇಲೆ ಇಬ್ಬನಿ ಕೂತು ನೀರು ಒಳಗೆ ಹರಿಯುತ್ತದೆ. ಅಂಚನ್ನು ಮ್ಯಾಟಿನ ಕೆಳಗೆ ಮಡಚಿ ಹಾಕಿ.

ಹೆಜ್ಜೆ 3: ಹೊದಿಕೆ

ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಡಿಗ್ರಿಯನ್ನು ನಂಬಿ ಕೊಳ್ಳಬೇಡಿ. ಒಳಗಿನ ಚೀಟಿ ನೋಡಿ. ಐಎಸ್‌ಒ 23537 ಅಥವಾ ಹಳೆಯ ಇಎನ್ 13537 ಮಾನದಂಡದ ಪ್ರಕಾರ ಪರೀಕ್ಷೆ ಆಗಿದ್ದರೆ ಅಲ್ಲಿ ಮೂರು ಅಂಕಿ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಕಂಫರ್ಟ್ ಅಂದರೆ ಸಾಮಾನ್ಯ ಮೈಕಟ್ಟಿನ ಹೆಣ್ಣುಮಗಳೊಬ್ಬಳು ಆರಾಮವಾಗಿ ನಿದ್ದೆ ಮಾಡಬಹುದಾದ ಉಷ್ಣಾಂಶ. ಲಿಮಿಟ್ ಅಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯಬಹುದು ಅನ್ನುವ ಮಟ್ಟ, ನಿದ್ದೆಗೂ ಅದಕ್ಕೂ ಸಂಬಂಧವೇ ಇಲ್ಲ. ಅಂಗಡಿಯಲ್ಲಿ ಕೆಲವೊಮ್ಮೆ ಇದನ್ನೇ ಎತ್ತಿ ತೋರಿಸುತ್ತಾರೆ. ಗಂಡಸರಾಗಲಿ ಹೆಂಗಸರಾಗಲಿ, ಕಂಫರ್ಟ್ ಅಂಕಿ ಮಾತ್ರ ನೋಡಿ. ಈ ಪರೀಕ್ಷೆ ಮಾಡುವುದು ತೆಳು ಬಟ್ಟೆ ತೊಡಿಸಿ ಮ್ಯಾಟಿನ ಮೇಲೆ ಮಲಗಿಸಿದ ಗೊಂಬೆಯ ಮೇಲೆ. ಮ್ಯಾಟ್ ಇಲ್ಲದಿದ್ದರೆ ಆ ಅಂಕಿಗೆ ಬೆಲೆ ಇಲ್ಲ.

ನಮ್ಮ ಬಯಲುಸೀಮೆಗೆ ಕಂಫರ್ಟ್ 12-15 ಡಿಗ್ರಿ ಇರುವ ಬ್ಯಾಗ್ ಬಹುತೇಕ ರಾತ್ರಿಗಳಿಗೆ ಸಾಕು. ಬೀದರ್ ಕಡೆಗೆ, ಚಿಕ್ಕಮಗಳೂರು, ಕೊಡಗಿನ ಎತ್ತರಕ್ಕೆ 5-8 ಡಿಗ್ರಿಯದ್ದು ಇರಲಿ. ಅದಕ್ಕಿಂತ ಬೆಚ್ಚಗಿನದು ಕೊಂಡರೆ ಹೊತ್ತದ್ದೇ ಬಂತು, ರಾತ್ರಿ ಬೆವರಿ ಜಿಪ್ ತೆಗೆದುಕೊಂಡು ಮಲಗುತ್ತೀರಿ.

ಒಳಗೆ ತುಂಬಿರುವುದು ಡೌನ್ ಆಗಿರಬಹುದು ಇಲ್ಲವೇ ಸಿಂಥೆಟಿಕ್ ನೂಲು. ಡೌನ್ ಅಂದರೆ ಬಾತುಕೋಳಿ, ಹೆಬ್ಬಾತುಗಳ ಎದೆಯ ಮೆತ್ತನೆಯ ತುಪ್ಪಳ. ತೂಕಕ್ಕೆ ಹೋಲಿಸಿದರೆ ಇದರಷ್ಟು ಬೆಚ್ಚಗಿನದು ಇಲ್ಲ. 'ಫಿಲ್ ಪವರ್' 800 ಅಂದರೆ 28 ಗ್ರಾಂ ತುಪ್ಪಳ 800 ಘನ ಇಂಚು ಜಾಗ ತುಂಬುತ್ತದೆ ಅಂತ ಅರ್ಥ. ಅಂಕಿ ಹೆಚ್ಚಿದಷ್ಟೂ ಅದೇ ಬೆಚ್ಚಗೆ ಕಡಿಮೆ ತೂಕದಲ್ಲಿ ಸಿಗುತ್ತದೆ, ಬೆಲೆಯೂ ಏರುತ್ತದೆ. ಆದರೆ ಡೌನ್ ಒದ್ದೆಯಾದರೆ ಮುದ್ದೆಯಾಗಿ ಕೂರುತ್ತದೆ, ಬೆಚ್ಚಗೆ ಹೋಗುತ್ತದೆ. ಸಿಂಥೆಟಿಕ್ ತೇವವಾದರೂ ಒಂದಿಷ್ಟು ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ.

ಟೆಂಟ್ ಇಲ್ಲದೆ, ಇಬ್ಬನಿ ಬೀಳುವ ನಾಡಿನಲ್ಲಿ, ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಸಿಂಥೆಟಿಕ್. ನಮಗೆ ಬೇಕಾದ ಬೆಚ್ಚಗೆಯ ಮಟ್ಟದಲ್ಲಿ ಎರಡಕ್ಕೂ ಇರುವ ತೂಕದ ವ್ಯತ್ಯಾಸ ಕೆಲವು ನೂರು ಗ್ರಾಂ ಮಾತ್ರ, ಬೆಲೆಯ ವ್ಯತ್ಯಾಸ ಹಲವು ಪಟ್ಟು. ಹಿಮಾಲಯಕ್ಕೂ ಹೋಗುವ ಆಸೆ ಇದ್ದರೆ ಆಗ ಡೌನ್ ಬಗ್ಗೆ ಯೋಚಿಸಿ.

ತೂಕದ ಬಗ್ಗೆ ಗಂಭೀರವಾಗಿ ಯೋಚಿಸುವವರು ಬ್ಯಾಗ್ ಬಿಟ್ಟು ಕ್ವಿಲ್ಟ್ ಬಳಸುತ್ತಾರೆ. ಬೆನ್ನ ಕೆಳಗೆ ಅಪ್ಪಚ್ಚಿಯಾಗುವ ಭಾಗ ಹೇಗೂ ಕೆಲಸಕ್ಕೆ ಬಾರದು, ಹಾಗಾದರೆ ಅದು ಯಾಕೆ ಬೇಕು ಅನ್ನುವುದೇ ಇದರ ತರ್ಕ. ಕಾಲಿನ ಕಡೆ ಚೀಲದಂತೆ ಮುಚ್ಚಿರುತ್ತದೆ, ಮೇಲೆ ಸುಮ್ನೆ ಹೊದ್ದುಕೊಳ್ಳುವುದು. ಬೆಚ್ಚಗಾದರೆ ಸರಿಸಬಹುದು, ಚಳಿಯಾದರೆ ಬಿಗಿಯಾಗಿ ಸುತ್ತಿಕೊಳ್ಳಬಹುದು. ನಮ್ಮ ಹವೆಗೆ ಇದು ಹೇಳಿ ಮಾಡಿಸಿದಂತಿದೆ. ಕೊಳ್ಳುವ ಮೊದಲು ಹೀಗೆ ಪರೀಕ್ಷೆ ಮಾಡಿ: ಪೂರ್ತಿ ಜಿಪ್ ಬಿಚ್ಚಿಕೊಳ್ಳುವ ಸ್ಲೀಪಿಂಗ್ ಬ್ಯಾಗ್ ತಗೊಂಡು, ಪಾದದ ಕಡೆ ಒಂದಿಷ್ಟು ಜಿಪ್ ಹಾಕಿ, ಉಳಿದದ್ದನ್ನು ಬಿಚ್ಚಿ ಹೊದ್ದು ಮಲಗಿ. ಒಗ್ಗಿದರೆ ಮುಂದೆ ಕ್ವಿಲ್ಟ್ ಕೊಳ್ಳಬಹುದು. ಮಲಗಿದಲ್ಲೇ ತುಂಬಾ ಹೊರಳಾಡುವವರಿಗೆ ಇದು ಸರಿಹೋಗದು, ಮಗ್ಗುಲಿನಿಂದ ಗಾಳಿ ನುಗ್ಗುತ್ತದೆ.

ಕಂಬಳಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚಳ್ಳಕೆರೆ ಕಡೆಯ ಕರಿಕಂಬಳಿ ಒರಟು, ಭಾರ. ಆದರೆ ಉಣ್ಣೆ ಸಾಕಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಕಿಡಿ ಬಿದ್ದರೆ ಸಿಂಥೆಟಿಕ್‌ನಂತೆ ಕರಗಿ ಮೈಗೆ ಅಂಟುವುದಿಲ್ಲ. ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯುವುದರಿಂದ ಹೊಸ ಕಂಬಳಿ ಬಿಗಿಯಾಗಿರುತ್ತದೆ, ಸಣ್ಣ ಹನಿಯನ್ನು ತಡೆಯುತ್ತದೆ. ನಡಿಗೆ ಕಡಿಮೆ ಇದ್ದು ತೋಟದಲ್ಲೋ ಹೊಲದಲ್ಲೋ ಮಲಗುವವರಿಗೆ ಇದಕ್ಕಿಂತ ಬೇರೆ ಬೇಕಿಲ್ಲ. ದಿನವಿಡೀ ಹೊತ್ತು ನಡೆಯುವವರಿಗೆ ಮಾತ್ರ ಇದರ ತೂಕ ಹೊಂದುವುದಿಲ್ಲ.

ಹೊದಿಕೆಯ ಒಳಗೊಂದು ತೆಳು ಒಳಚೀಲ ಇದ್ದರೆ ಬ್ಯಾಗ್ ಕೊಳೆಯಾಗುವುದಿಲ್ಲ, ಸೆಕೆಯ ರಾತ್ರಿ ಅದೊಂದೇ ಸಾಕು. ಕೊಳ್ಳಬೇಕಿಲ್ಲ. ನಾಲ್ಕು ಮೀಟರಿನ ಹಳೆಯ ತೆಳು ಪಂಚೆಯನ್ನು ಉದ್ದಕ್ಕೆ ಅರ್ಧ ಮಡಚಿದರೆ ಎರಡು ಮೀಟರ್ ಉದ್ದದ ಜೋಡಿ ಪದರ ಸಿಗುತ್ತದೆ. ಮಡಿಕೆ ಪಾದದ ಕಡೆ ಬರಲಿ. ಎರಡು ಮಗ್ಗುಲನ್ನು ಹೊಲಿದು ತಲೆಯ ಕಡೆ ಬಿಟ್ಟರೆ ಒಳಚೀಲ ತಯಾರು.

ಕೊನೆಗೆ ಟೋಪಿ. ಟೆಂಟಿನ ಗೋಡೆ ಇಲ್ಲದಿರುವಾಗ ತಲೆ, ಕಿವಿಗೆ ಗಾಳಿ ನೇರವಾಗಿ ಬಡಿಯುತ್ತದೆ. ಒಂದು ಉಣ್ಣೆ ಮಂಕಿ ಕ್ಯಾಪ್, ರಾತ್ರಿಗೆಂದೇ ಎತ್ತಿಟ್ಟ ಒಣ ಕಾಲುಚೀಲ, ಎರಡೂ ಸೇರಿ ನೂರು-ನೂರೈವತ್ತು ಗ್ರಾಂ. ಇಷ್ಟು ಕಡಿಮೆ ತೂಕಕ್ಕೆ ಇಷ್ಟು ಬೆಚ್ಚಗೆ ಬೇರೆ ಯಾವುದರಿಂದಲೂ ಸಿಗದು.

ಹೆಜ್ಜೆ 4: ಇಬ್ಬನಿ ತಡೆ

ಇದಕ್ಕೆ ಬಿವಿ ಚೀಲ ಅಂತ ಸಿಗುತ್ತದೆ. ಸ್ಲೀಪಿಂಗ್ ಬ್ಯಾಗನ್ನೇ ಒಳಗೆ ತೂರಿಸುವ ಹೊರಚೀಲ. ತಳ ನೀರು ಬಿಡುವುದಿಲ್ಲ, ಮೇಲಿನ ಬಟ್ಟೆ ಮೈಯ ಹಬೆಯನ್ನು ಹೊರಗೆ ಬಿಡುತ್ತದೆ. ಹಗುರವಾದವು 200-250 ಗ್ರಾಂ ಇರುತ್ತವೆ. ಇವು ಇಬ್ಬನಿ, ಗಾಳಿ ತಡೆಯುತ್ತವೆ, ಜಡಿಮಳೆ ತಡೆಯುವುದಿಲ್ಲ. ಮಳೆ ತಡೆಯುವಂಥವು ಇನ್ನೂ ಭಾರ.

ಪೂರ್ತಿ ಪ್ಲಾಸ್ಟಿಕ್‌ನಿಂದ ಮಾಡಿದ ಅಗ್ಗದ ಚೀಲ ಕೊಳ್ಳಬೇಡಿ. ನಿಮ್ಮ ಬೆವರಿನ ಹಬೆ ಒಳಗೇ ನೀರಾಗಿ ಬೆಳಗಾಗುವಷ್ಟರಲ್ಲಿ ಬ್ಯಾಗ್ ಒದ್ದೆಯಾಗುತ್ತದೆ. ಬೆಳ್ಳಿ ಬಣ್ಣದ ಎಮರ್ಜೆನ್ಸಿ ಹಾಳೆಯದ್ದೂ ಇದೇ ಕಥೆ. ಐವತ್ತು-ಅರವತ್ತು ಗ್ರಾಂ ಇರುವುದರಿಂದ ಆಪತ್ತಿಗೆ ಒಂದು ಇಟ್ಟುಕೊಳ್ಳಿ, ದಿನನಿತ್ಯದ ಹೊದಿಕೆ ಅಂತ ಅಲ್ಲ. ಉಸಿರನ್ನು ಬಿವಿ ಅಥವಾ ಬ್ಯಾಗಿನೊಳಗೆ ಬಿಡಬೇಡಿ, ಬಾಯಿ ಮೂಗು ಹೊರಗಿರಲಿ. ಕರಾವಳಿಯಲ್ಲಿ ಬಿವಿ ಬೇಡವೇ ಬೇಡ, ಸೆಕೆಗೆ ಮಲಗಲಾಗುವುದಿಲ್ಲ. ಅಲ್ಲಿ ಮ್ಯಾಟ್, ಪಂಚೆ, ಸೊಳ್ಳೆಪರದೆ ಇದ್ದರೆ ಆಯಿತು.

ಹೆಜ್ಜೆ 5: ಹುಳ, ಉಣುಗು, ಹಾವು

ಇಲ್ಲಿ ತೂಕ ಉಳಿಸಲು ಹೋಗಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು. ನೋವು, ಬಾವು ಬಹಳ ಕಡಿಮೆ, ಗುರುತೂ ಸರಿಯಾಗಿ ಕಾಣದೇ ಇರಬಹುದು. ಸೊಳ್ಳೆಪರದೆಯ ಅಂಚನ್ನು ನಾಲ್ಕೂ ಕಡೆ ಹಾಸಿನ ಕೆಳಗೆ ಸಿಕ್ಕಿಸಿಕೊಂಡು ಮಲಗುವುದು ಸೊಳ್ಳೆಗೆ ಮಾತ್ರವಲ್ಲ, ಹಾವಿಗೂ ಒಳ್ಳೆಯ ತಡೆ. ಒಬ್ಬರಿಗೆ ಆಗುವ ಹಗುರ ಪರದೆ 200 ಗ್ರಾಂ ಒಳಗೆ ಸಿಗುತ್ತದೆ. ಕೊಂಬೆಗೋ ಟ್ರೆಕ್ಕಿಂಗ್ ಕೋಲಿಗೋ ಒಂದು ದಾರದಿಂದ ಕಟ್ಟಿದರೆ ಸಾಕು. ತಲೆಗೆ ಮಾತ್ರ ಹಾಕುವ ಪರದೆ ಇನ್ನೂ ಹಗುರ, ಆದರೆ ನೆಲದ ಮೇಲೆ ಮಲಗುವವರಿಗೆ ನಾನು ಹೇಳುವುದು ಪೂರ್ತಿ ಪರದೆಯೇ. ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹಾವಿನ ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ಹೋಗಿ.

ಮಲೆನಾಡಿನ ಕಾಡಂಚಿನಲ್ಲಿ ಇನ್ನೊಂದು ಅಪಾಯ ಉಣುಗು. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಾವು ಬಯಲಲ್ಲಿ ಮಲಗಲು ಹೊರಡುವ ತಿಂಗಳುಗಳಲ್ಲೇ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನ ತರಗೆಲೆಯ ಮೇಲೆ ಹಾಸಿಗೆ ಹಾಕಬೇಡಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇ ಬೇಡಿ. ಆ ಭಾಗದಲ್ಲಿ ಮನೆಯ ಜಗಲಿಯೇ ಸರಿ.

ಹೆಜ್ಜೆ 6: ಅಕಾಲದ ಮಳೆಗೆ

ಮಾರ್ಚ್ ಮುಗಿಯುತ್ತಿದ್ದಂತೆ ಗುಡುಗು ಮಳೆ ಶುರುವಾಗುತ್ತದೆ. ಆ್ಯಪ್ ಮಳೆ ಇಲ್ಲ ಅಂದರೂ ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದದ ತೆಳು ನೈಲಾನ್ ಟಾರ್ಪ್, ಐದಾರು ದಾರ ಬ್ಯಾಗಿನಲ್ಲಿರಲಿ. 50 ಜಿಎಸ್‌ಎಂ ಬಟ್ಟೆಯಾದರೆ 400 ಗ್ರಾಂ ಒಳಗೆ ಬರುತ್ತದೆ. ಎರಡು ಮರದ ನಡುವೆ ಹಗ್ಗ ಕಟ್ಟಿ ಮೇಲೆ ಹೊದಿಸಿದರೆ ಇಬ್ಬರಿಗೆ ಆಸರೆ. ಸಿಡಿಲು ಹೊಡೆಯುತ್ತಿದ್ದರೆ ಟಾರ್ಪ್ ಕಟ್ಟುತ್ತಾ ಕೂರದೆ ಬಂಡೆಯಿಂದ, ಒಂಟಿ ಮರದಿಂದ ದೂರ ಹೋಗಿ, ಕಟ್ಟಡ ಸೇರಿಕೊಳ್ಳಿ.

ಹೆಜ್ಜೆ 7: ತೂಗಿ ನೋಡಿ, ತಾರಸಿಯ ಮೇಲೆ ಮಲಗಿ ನೋಡಿ

ಅಡುಗೆಮನೆಯ ತೂಕದ ಯಂತ್ರದಲ್ಲಿ ಒಂದೊಂದನ್ನೂ ತೂಗಿ ಬರೆದುಕೊಳ್ಳಿ. ಸಿಂಥೆಟಿಕ್ ಬ್ಯಾಗ್ 900 ಗ್ರಾಂ, ಫೋಮ್ ಮ್ಯಾಟ್ 400, ನೆಲಹಾಸು 140, ಪರದೆ 200, ಬಿವಿ 250, ಟೋಪಿ ಕಾಲುಚೀಲ 150. ಒಟ್ಟು 2,040 ಗ್ರಾಂ. ಟಾರ್ಪ್ ಸೇರಿಸಿದರೂ ಎರಡೂವರೆ ಕಿಲೋ ದಾಟುವುದಿಲ್ಲ. ಒಬ್ಬರ ಸಾಧಾರಣ ಟೆಂಟ್ ಒಂದೇ ಎರಡು ಕಿಲೋ ಇರುತ್ತದೆ, ಅದರ ಒಳಗೆ ಬ್ಯಾಗೂ ಮ್ಯಾಟೂ ಬೇಕೇ ಬೇಕು. ಇಬ್ಬನಿ ಇಲ್ಲದ ಕಡೆಗೆ ಹೋಗುವಾಗ ಬಿವಿ ಬಿಡಿ. ಮ್ಯಾಟ್ ಮತ್ತು ಪರದೆ ಮಾತ್ರ ಎಂದೂ ಬಿಡಬೇಡಿ.

ಆಮೇಲೆ ಎಲ್ಲವನ್ನೂ ಮನೆಯ ತಾರಸಿಯ ಮೇಲೆ ಹಾಸಿ ಒಂದು ರಾತ್ರಿ ಮಲಗಿ. ಒಳಗೆ ಓಡಿ ಹೋಗುವ ಅನುಕೂಲ ಇರುವಾಗಲೇ ತಪ್ಪು ಒಪ್ಪು ತಿಳಿಯಬೇಕು. ಕಾಂಕ್ರೀಟು ಬಿಸಿಲಿಗೆ ಕಾದಿರುವುದರಿಂದ, ಊರಿನ ಗಾಳಿಯೂ ಬೆಚ್ಚಗಿರುವುದರಿಂದ ತಾರಸಿ ಹೊಲಕ್ಕಿಂತ ಯಾವಾಗಲೂ ಬೆಚ್ಚಗೆ. ಅಲ್ಲಿ ಕಷ್ಟಪಟ್ಟು ರಾತ್ರಿ ಕಳೆದರೆ ಬಯಲಿಗೆ ಅದು ಸಾಲದು ಅಂತ ಅರ್ಥ. ಬೆನ್ನಿಗೆ ಚಳಿಯಾದರೆ ಮ್ಯಾಟ್ ಬದಲಿಸಿ. ಎದೆ, ಕಾಲಿಗೆ ಚಳಿಯಾದರೆ ಮೊದಲು ಟೋಪಿ, ಒಳಚೀಲ ಸೇರಿಸಿ ನೋಡಿ, ಆಮೇಲೆ ಹೊಸ ಬ್ಯಾಗಿನ ಮಾತು. ಮಲಗುವ ಮುಂಚೆ ಹೊಟ್ಟೆ ತುಂಬಾ ಊಟ ಮಾಡಿ, ಹಸಿದ ಮೈ ಬೇಗ ತಣ್ಣಗಾಗುತ್ತದೆ.

ಬೆಳಿಗ್ಗೆ ಎದ್ದ ಮೇಲೆ ಹೊದಿಕೆಯನ್ನು ತಕ್ಷಣ ಸುತ್ತಿಡಬೇಡಿ. ಒಳಗು ಹೊರಗಾಗಿಸಿ ಅರ್ಧ ಗಂಟೆ ಎಳೆಬಿಸಿಲಿಗೆ ಹರಡಿ. ಮನೆಗೆ ಬಂದ ಮೇಲೆ ಮತ್ತೊಮ್ಮೆ ಪೂರ್ತಿ ಒಣಗಿಸಿ, ಬಿಗಿ ಚೀಲದಿಂದ ತೆಗೆದು, ಹಳೇ ದಿಂಬಿನ ಕವರಿನಲ್ಲೋ ಸಡಿಲ ಹತ್ತಿಚೀಲದಲ್ಲೋ ಇಡಿ. ತಿಂಗಳುಗಟ್ಟಲೆ ಅದುಮಿಟ್ಟರೆ ಡೌನ್ ಆಗಲಿ ಸಿಂಥೆಟಿಕ್ ಆಗಲಿ ಮತ್ತೆ ಸರಿಯಾಗಿ ಉಬ್ಬುವುದಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಬಿಸಿಲು ಬಿದ್ದಾಗಲೆಲ್ಲಾ ಹೊರಗೆ ತೆಗೆದು ಗಾಳಿಯಾಡಲು ಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.